‘ಮನೆಯಲ್ಲೇ ಇರಿ’ ಅಂದ ಮೇಲೆ ಇನ್ನೇನು ಹೇಳಬೇಕಿತ್ತು? ನಮ್ಮ ಪಂಚಾಯಿತಿ ಸೂಚನೆಗೆ ನಿಮ್ಮ ಅನುಭವ ಬೇಕು

ತೋಟದ ದಾರಿ (ಹೊಸನಗರ ತಾಲೂಕು, ಶಿವಮೊಗ್ಗ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಒಂದು ಕೆಲಸ ಶುರುವಾಗಿದೆ. ಮುಂದೆ ಯಾವತ್ತಾದರೂ ಕೊರೊನಾ ಕಾಲದ ಹಾಗೆ ಜನ ಮನೆಯಲ್ಲೇ ಇರಬೇಕಾಗಿ ಬಂದರೆ, ಪಂಚಾಯಿತಿಯಿಂದ ಮನೆಮನೆಗೆ ಏನು ಹೇಳಬೇಕು ಅಂತ ಈಗಲೇ ಬರೆದಿಟ್ಟುಕೊಳ್ಳೋಣ ಅಂತ ಮಾತಾಗಿದೆ. ಬರೆಯೋ ಕೆಲಸ ನನ್ನ ಪಾಲಿಗೆ ಬಂದಿದೆ. 2020ರಲ್ಲೂ 2021ರಲ್ಲೂ ನಾನು ನಮ್ಮೂರಿನ ಟಾಸ್ಕ್ ಫೋರ್ಸ್ ಸಮಿತಿ ಜೊತೆ ಓಡಾಡಿದವನು, ಅದಕ್ಕೆ.

ಮೊದಲ ದಿನ ಚೆನ್ನಾಗಿ ನೆನಪಿದೆ. 2020ರ ಮಾರ್ಚ್ 25, ಯುಗಾದಿ. ಹಿಂದಿನ ರಾತ್ರಿ 8 ಗಂಟೆಗೆ ಟಿವಿಯಲ್ಲಿ 21 ದಿನ ಅಂತ ಹೇಳಿದ್ದರು. ಬೆಳಿಗ್ಗೆ ಬೇವುಬೆಲ್ಲ ತಿಂದು ಜಗಲಿಯಲ್ಲಿ ಕೂತಿದ್ದೆವು. ಆಟೋಗೆ ಮೈಕ್ ಕಟ್ಟಿಕೊಂಡು ಬಂದರು. ಆಟೋ ಬಂದಿದ್ದು ಟಾರ್ ರಸ್ತೆವರೆಗೆ. ನಮ್ಮ ಮನೆ ಅಲ್ಲಿಂದ ತೋಟ ದಾಟಿ, ಹಳ್ಳ ದಾಟಿ ಒಂದೂವರೆ ಕಿಲೋಮೀಟರ್. ಗಾಳಿಯಲ್ಲಿ ‘ಹೊರಗೆ ಬರಬಾರದು’ ಅಂತ ಒಂದು ಸಲ, ‘ಕ್ರಮ ಕೈಗೊಳ್ಳಲಾಗುವುದು’ ಅಂತ ಒಂದು ಸಲ, ಅಷ್ಟೇ ಕೇಳಿಸಿದ್ದು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. “ಹಾಗಾದ್ರೆ ಡೇರಿಗೆ ಹಾಲು ಹಾಕಬಹುದಾ, ಇಲ್ವಾ?” ನನಗೆ ಗೊತ್ತಿರಲಿಲ್ಲ. ಆ ದಿನ ಕ್ಯಾನು ಅಡುಗೆಮನೆ ಬಾಗಿಲ ಹತ್ತಿರವೇ ಉಳಿಯಿತು. ಸಂಜೆಗೆ ಅಮ್ಮ ಅದಕ್ಕೆ ಹೆಪ್ಪು ಹಾಕಿದರು. ಹಾಲಿಗೆ ಮೊದಲ ದಿನದಿಂದಲೇ ವಿನಾಯಿತಿ ಇತ್ತು. ನಮಗೆ ಗೊತ್ತಾಗಿದ್ದು ಮೂರನೇ ದಿನ, ಪಕ್ಕದ ಮನೆಯವರು ಹಾಲು ಹಾಕಿ ಬಂದ ಮೇಲೆ.

ಯಾರನ್ನೂ ಬೈಯೋದಕ್ಕೆ ಈ ಚರ್ಚೆ ಬೇಡ. ಆವತ್ತು ಎಲ್ಲರಿಗೂ ಹೊಸದು. ಆದರೆ ಏನು ಮಾಡಬಾರದು ಅಂತ ಎಲ್ಲರೂ ಹೇಳಿದರು, ಏನು ಮಾಡಬಹುದು, ಯಾರನ್ನು ಕೇಳಬೇಕು ಅಂತ ಹೇಳಿದವರು ಕಡಿಮೆ. ಆ ದಿನಗಳಲ್ಲಿ ನಿಮಗೆ ಗೊತ್ತಾಗಬೇಕಾಗಿದ್ದು, ಯಾರೂ ಹೇಳದೆ ಹೋಗಿದ್ದು ಏನು? ಅದನ್ನು ಬರೆಯಿರಿ. ಸಣ್ಣದು ಅಂತ ಬಿಡಬೇಡಿ.

ಗುಡ್ಡದ ಆಶಾ

ಅಣ್ಣಾ, ಒಳ್ಳೆ ಕೆಲಸ. ನಾನು ಆಶಾ ಕಾರ್ಯಕರ್ತೆ, ತೀರ್ಥಹಳ್ಳಿ ತಾಲೂಕು. ಆಗ ಊರಿಗೆ ಬಂದವರ ಕೈಗೆ ಸೀಲ್ ಹಾಕುತ್ತಿದ್ದರು, 14 ದಿನ ಮನೆಯಲ್ಲಿರಬೇಕಿತ್ತು. ನಾವು ದಿನಾ ಅಂಗಳದಲ್ಲಿ ನಿಂತು ಜ್ವರ, ಕೆಮ್ಮು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆವು.

ನಮಗೆ ಕೊಟ್ಟ ಹಾಳೆಯಲ್ಲಿ ‘ಗಾಳಿ ಬೆಳಕಿರುವ ಪ್ರತ್ಯೇಕ ಕೋಣೆ, ಸಾಧ್ಯವಾದರೆ ಅದಕ್ಕೇ ಹೊಂದಿಕೊಂಡ ಶೌಚಾಲಯ’ ಅಂತ ಇತ್ತು. ನಮ್ಮ ಕಡೆ ಮನೆಗಳು ಹಾಗಿವೆಯಾ ಹೇಳಿ. ಬಚ್ಚಲು ಒಂದೇ, ಅದೂ ಹಿತ್ತಲ ಕಡೆ. ಆರು ಜನಕ್ಕೆ ಒಂದು ಶೌಚಾಲಯ, ಅಂಗಳ ದಾಟಿ ಹೋಗಬೇಕು. ‘ಸಾಧ್ಯವಾದರೆ’ ಅಂದರು, ಸಾಧ್ಯವಾಗದಿದ್ದರೆ ಏನು ಅಂತ ಹಾಳೆಯಲ್ಲಿ ಇರಲಿಲ್ಲ. ಆಮೇಲೆ ನಮ್ಮ ಆಸ್ಪತ್ರೆಯ ನರ್ಸ್ ಹತ್ತಿರ ಕೇಳಿ ನಾವೇ ಹೇಳೋಕೆ ಶುರು ಮಾಡಿದೆವು. ಮನೆಯವರೆಲ್ಲ ಮೊದಲು ಹೋಗಿ ಬರಲಿ, ಕ್ವಾರಂಟೈನಿನವರು ಕೊನೆಗೆ ಹೋಗಲಿ. ಹೋಗುವಾಗ ಮಾಸ್ಕ್ ಇರಲಿ. ಬಂದ ಮೇಲೆ ಬ್ಲೀಚಿಂಗ್ ಪುಡಿ ನೀರು ಹಾಕಿ ತೊಳೆದು, ಬಾಗಿಲು ತೆರೆದಿಟ್ಟು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ. ಮಲಗೋಕೆ ಒಳಕೋಣೆಗಿಂತ ಜಗಲಿ ಮೇಲು. ಒಳಕೋಣೆಯಲ್ಲಿ ಕಿಟಕಿಯೇ ಇರೋದಿಲ್ಲವಲ್ಲ. ಜಗಲಿಗೆ ಒಂದು ಸೀರೆ ಕಟ್ಟಿ ಮರೆ ಮಾಡಿದರೆ ಆಯಿತು.

ಇನ್ನೊಂದು. ಮೊಬೈಲಿನಲ್ಲಿ ಗಂಟೆಗೊಂದು ಸೆಲ್ಫಿ ಕಳಿಸಬೇಕು ಅಂತಿತ್ತು, ರಾತ್ರಿ 10ರಿಂದ ಬೆಳಿಗ್ಗೆ 7 ಬಿಟ್ಟು. ನನ್ನ ಏರಿಯಾದಲ್ಲಿ ಒಬ್ಬ ಹುಡುಗನ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಮನೆ ಹಿಂದಿನ ಗುಡ್ಡ ಹತ್ತಿದರೆ ಎರಡು ಕಡ್ಡಿ ಸಿಗುತ್ತೆ. ಪಾಪ, ಮನೆಯಲ್ಲೇ ಇದ್ದೇನೆ ಅಂತ ತೋರಿಸೋದಕ್ಕೆ ಅವನು ದಿನಾ ಮನೆ ಬಿಟ್ಟು ಗುಡ್ಡ ಹತ್ತಬೇಕಾಯಿತು. ಎರಡು ದಿನ ನೋಡಿದೆ. ಮೂರನೇ ದಿನ ಮೇಲಿನವರಿಗೆ ಹೇಳಿ, ನಾನೇ ಬೆಳಿಗ್ಗೆ ಸಂಜೆ ಹೋಗಿ ನೋಡಿ ಬರೆದುಕೊಳ್ಳುತ್ತೇನೆ ಅಂತ ಒಪ್ಪಿಸಿದೆ. ನೆಟ್‌ವರ್ಕ್ ಇಲ್ಲದ ಮನೆಗಳ ಪಟ್ಟಿ ಪಂಚಾಯಿತಿಯಲ್ಲಿ ಮೊದಲೇ ಇರಬೇಕು.

ಸೊರಬದ ಮೇಷ್ಟ್ರು

ಮಂಗನ ಕಾಯಿಲೆ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಬೇರೆ ಜಿಲ್ಲೆಯವರಿಗೆ ಇದು ಗೊತ್ತಾಗೋದಿಲ್ಲ, ನಮಗೆ ಗೊತ್ತು. ಈ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಇದರಿಂದ ಜನ ಸತ್ತಿದ್ದನ್ನು ಯಾರೂ ಮರೆತಿಲ್ಲ. ಅದರ ಕಾಲ ಡಿಸೆಂಬರ್‌ನಿಂದ ಮೇವರೆಗೆ. ಲಾಕ್‌ಡೌನ್ ಬಂದಿದ್ದು ಸರಿಯಾಗಿ ಅದರ ನಡುವೆ.

ಆಗ ಸೂಚನೆ ಏನಿತ್ತು? ಜ್ವರ ಬಂದರೆ ಮನೆಯಲ್ಲೇ ಇರಿ, 104ಕ್ಕೆ ಫೋನ್ ಮಾಡಿ. ನಮ್ಮಲ್ಲಿ ಜನ ಏನು ಮಾಡುತ್ತಿದ್ದರು? ಪೇಟೆಗೆ ಹೋಗೋ ಹಾಗಿಲ್ಲ, ಕೂಲಿ ಇಲ್ಲ, ಸುಮ್ನೆ ಕೂರೋಕಾಗದೆ ದರಗು (ಒಣಗಿದ ಎಲೆ) ಗುಡಿಸೋಕೆ, ಸೌದೆಗೆ ಕಾಡಿಗೇ ಹೋಗುತ್ತಿದ್ದರು. ಈ ಕಾಯಿಲೆ ಹರಡೋ ಉಣುಗು (ಉಣ್ಣೆ ಹುಳ) ಕಚ್ಚೋದು ಅಲ್ಲೇ. ಕಚ್ಚಿ 3ರಿಂದ 8 ದಿನಕ್ಕೆ ಜ್ವರ, ತಲೆ ಸಿಡಿತ, ಸೊಂಟ ಕೈಕಾಲು ನೋವು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡೋದಿಲ್ಲ, ಆದರೆ ಈ ಜ್ವರದಲ್ಲಿ ಕಷಾಯ ಕುಡಿದುಕೊಂಡು ಮನೆಯಲ್ಲಿ ಮಲಗೋದು ಅಪಾಯ. ರಕ್ತ ಪರೀಕ್ಷೆ ಆಗಬೇಕು, ಕೆಲವರಿಗೆ ರಕ್ತಸ್ರಾವ ಆಗುತ್ತೆ. ಇದಕ್ಕೇ ಅಂತ ಔಷಧಿಯಿಲ್ಲ, ಬೇಗ ಆಸ್ಪತ್ರೆ ಸೇರಿ ನೋಡಿಕೊಳ್ಳೋದೇ ದಾರಿ.

ನಮ್ಮ ಪರಿಚಯದ ಒಬ್ಬರು ಕೊರೊನಾ ಅಂತ ಹೆದರಿ ಐದು ದಿನ ಯಾರಿಗೂ ಹೇಳದೆ ಮಲಗಿದ್ದರು. ಹೇಳಿದರೆ ಕರೆದುಕೊಂಡು ಹೋಗುತ್ತಾರೆ ಅಂತ ಭಯ. ಆಮೇಲೆ ಮಂಗನ ಕಾಯಿಲೆ ಅಂತ ಗೊತ್ತಾಯಿತು. ಉಳಿದರು, ದೇವರ ದಯೆ. ಹಾಗಾಗಿ ಸೂಚನೆಯಲ್ಲಿ ಹೀಗೆ ಇರಲಿ: ‘ಜ್ವರ ಬಂದರೆ, ಕಳೆದ ಹತ್ತು ದಿನದಲ್ಲಿ ಕಾಡಿಗೆ, ಸೊಪ್ಪಿನಬೆಟ್ಟಕ್ಕೆ ಹೋಗಿದ್ದರೆ, ಹತ್ತಿರ ಮಂಗ ಸತ್ತಿದ್ದರೆ ಅದನ್ನು ಮೊದಲು ಹೇಳಿ.’ ಕಾಡಿಗೆ ಹೋಗೋರಿಗೆ ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳೋ ಎಣ್ಣೆ ಎಲ್ಲಿ ಸಿಗುತ್ತೆ ಅಂತಲೂ ಇರಲಿ. ಹಳೇ ಲಸಿಕೆ ಈಗ ಕೊಡುತ್ತಿಲ್ಲ, ಹಾಗಾಗಿ ಎಚ್ಚರ ಜಾಸ್ತಿ ಬೇಕು.

ತೋಟದ ದಾರಿ

ಮೇಷ್ಟ್ರೇ, ಇದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಸೇರಿಸಿಕೊಂಡೆ. ನಮ್ಮಲ್ಲೂ ಆ ಎರಡು ಬೇಸಿಗೆ ಜ್ವರದ ಹೆಸರು ಎತ್ತಿದರೆ ಸಾಕು, ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಶಿವಮೊಗ್ಗ ಪೇಟೆ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಿಗಿ ಬೇಕಿತ್ತು. 2020ರ ಮೇ 10ರವರೆಗೆ ನಮ್ಮ ಜಿಲ್ಲೆಯಲ್ಲಿ ಒಂದೂ ಕೇಸ್ ಇರಲಿಲ್ಲ, ಹಸಿರು ವಲಯ. ಆ ದಿನ ಒಟ್ಟಿಗೆ 8 ಕೇಸ್ ಬಂತು, ಎಲ್ಲರೂ ಹೊರಗಿನಿಂದ ಬಂದವರು, ಬಂದ ಕೂಡಲೇ ಕ್ವಾರಂಟೈನ್ ಮಾಡಿದ್ದರಿಂದ ಊರಿಗೆ ಹರಡಲಿಲ್ಲ. ಅಷ್ಟು ದಿನ ತಡೆದಿದ್ದರಿಂದ ಆಸ್ಪತ್ರೆಯವರಿಗೆ ತಯಾರಾಗೋಕೆ ಟೈಮ್ ಸಿಕ್ಕಿತು, ನಮ್ಮ ಮೆಡಿಕಲ್ ಕಾಲೇಜಿನಲ್ಲೇ ಪರೀಕ್ಷೆ ಮಾಡೋ ಹಾಗಾಯಿತು. ‘ಏನು ಮಾಡಬಹುದು’ ಅಂತ ಉದ್ದ ಪಟ್ಟಿ ಕೊಟ್ಟರೆ ಜನ ಅದರಲ್ಲೇ ದಾರಿ ಹುಡುಕುತ್ತಾರೆ. 2021ರಲ್ಲಿ ನೋಡಿದೆವಲ್ಲ, ಬೆಳಿಗ್ಗೆ 6ರಿಂದ 10 ಅಂದರೆ ಗಾಂಧಿ ಬಜಾರಿನಲ್ಲಿ ಕಾಲಿಡೋಕೆ ಜಾಗ ಇಲ್ಲ.

ಮಾತ್ರೆ ಅಂಗಡಿ (ತೀರ್ಥಹಳ್ಳಿ)

@ಶಿವಮೊಗ್ಗ ಪೇಟೆ, ಬಿಗಿ ಬೇಡ ಅಂತ ಇಲ್ಲಿ ಯಾರೂ ಹೇಳಿಲ್ಲ ಸಾರ್. ಆದರೆ ಆ ಗುಂಪು ಸೇರಿದ್ದು ಜನಕ್ಕೆ ಭಯ ಇಲ್ಲ ಅಂತ ಅಲ್ಲ, ಟೈಮ್ ನಾಲ್ಕೇ ಗಂಟೆ ಅಂತ. ಎಲ್ಲರೂ ಒಂದೇ ಹೊತ್ತಿಗೆ ಬಂದರೆ ಇನ್ನೇನಾಗುತ್ತೆ?

ನನ್ನದು ಮೆಡಿಕಲ್ ಶಾಪ್. ಔಷಧಿ ಅಂಗಡಿಗೆ 10 ಗಂಟೆ ಮಿತಿ ಇರಲಿಲ್ಲ. ಇದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. 9 ಮುಕ್ಕಾಲಿಗೆ ಓಡಿಕೊಂಡು ಬಂದು, ಏದುಸಿರು ಬಿಡುತ್ತಾ, ಬೆವರು ಒರೆಸಿಕೊಳ್ಳುತ್ತಾ ಬಿಪಿ ಮಾತ್ರೆ ಕೇಳುತ್ತಿದ್ದರು. ವಯಸ್ಸಾದವರು, ಎಂಟು ಕಿಲೋಮೀಟರ್ ನಡೆದು ಬಂದವರು. “ನಿಧಾನ ಬನ್ನಿ ಅಜ್ಜ, ನಮ್ಮದು ಸಂಜೆವರೆಗೂ ತೆಗೆದಿರುತ್ತೆ” ಅಂದರೆ ನಂಬುತ್ತಿರಲಿಲ್ಲ. ಒಂದು ಸಾಲು ಸೂಚನೆಯಲ್ಲಿ ಇದ್ದಿದ್ದರೆ ಆ ಜನ ಗುಂಪಿನಲ್ಲಿ ಬಂದು ನಿಲ್ಲಬೇಕಾಗಿರಲಿಲ್ಲ.

ಆಮೇಲೆ ನಾವೊಂದು ಮಾಡಿದೆವು. ಬಿಪಿ, ಸಕ್ಕರೆ ಕಾಯಿಲೆ, ಫಿಟ್ಸ್, ಥೈರಾಯ್ಡ್ ಮಾತ್ರೆ ತಗೊಳ್ಳೋರು ಖಾಲಿ ಸ್ಟ್ರಿಪ್ಪಿನ ಫೋಟೋ, ಚೀಟಿ ಫೋಟೋ ಕಳಿಸಲಿ ಅಂತ ಹೇಳಿದೆವು. ತಿಂಗಳಿಗಾಗುವಷ್ಟು ಕಟ್ಟಿ ಮನೆಯ ಹೆಸರು ಬರೆದು ಹಾಲಿನ ವ್ಯಾನಿನಲ್ಲಿ ಕಳಿಸುತ್ತಿದ್ದೆವು. ಫೋಟೋ ಕಳಿಸೋಕೆ ಬಾರದವರ ಸ್ಟ್ರಿಪ್ಪನ್ನು ಡೇರಿಯ ಹುಡುಗ ತಂದುಕೊಡುತ್ತಿದ್ದ. ಸ್ಟ್ರಿಪ್ಪಿನ ಕೊನೆ ಮಾತ್ರೆ ಕತ್ತರಿಸುವಾಗ ಹೆಸರು ಇರೋ ಕಡೆ ಉಳಿಸಿಕೊಳ್ಳಿ ಅಂತ ದಯವಿಟ್ಟು ಬರೆಯಿರಿ. ಬರೀ ‘ಬಿಳಿ ಗುಂಡು ಮಾತ್ರೆ’ ಅಂದರೆ ನಾವು ಏನು ಕೊಡೋದು?

ಇನ್ನು ಆಕ್ಸಿಮೀಟರ್. 2021ರಲ್ಲಿ ಎಲ್ಲರೂ ಕೊಂಡರು, ನೋಡೋದು ಹೇಗೆ ಅಂತ ಹೇಳಿದವರಿಲ್ಲ. ಗದ್ದೆಯಿಂದ ಬಂದ ತಣ್ಣನೆ ಒದ್ದೆ ಬೆರಳಿಗೆ ಹಾಕಿ 88 ಬಂತು ಅಂತ ಅತ್ತುಕೊಂಡು ಫೋನ್ ಮಾಡಿದವರಿದ್ದಾರೆ. ಐದು ನಿಮಿಷ ಕೂತು, ಕೈ ಒರೆಸಿ ಬೆಚ್ಚಗೆ ಮಾಡಿಕೊಂಡು, ಉಗುರಿನ ಬಣ್ಣ ತೆಗೆದು ನೋಡಬೇಕು. ಅಂಕಿ ನಿಲ್ಲೋವರೆಗೆ ಕಾಯಬೇಕು. 94ಕ್ಕಿಂತ ಕೆಳಗಿದ್ದರೆ ತಡ ಮಾಡದೆ ಡಾಕ್ಟರಿಗೆ ಹೇಳಬೇಕು. ಕೂತಾಗ ಸರಿಯಿದ್ದು, ಆರು ನಿಮಿಷ ಮನೆಯೊಳಗೆ ನಡೆದ ಮೇಲೆ 94ಕ್ಕಿಂತ ಇಳಿದರೂ ಅಷ್ಟೇ.

ಹಿನ್ನೀರಿನವ

ನಮ್ಮ ಕಡೆ ಪ್ರಶ್ನೆಯೇ ಬೇರೆ. ನಾನು ತುಮರಿ ಕಡೆಯವನು, ಶರಾವತಿ ಹಿನ್ನೀರಿನ ಆಚೆ ದಡ. ಆಗ ಸೇತುವೆ ಇರಲಿಲ್ಲ, ಕಳಸವಳ್ಳಿಯಿಂದ ಅಂಬಾರಗೋಡ್ಲುವಿಗೆ ಲಾಂಚಿನಲ್ಲೇ (ಯಂತ್ರದ ದೋಣಿ) ನೀರು ದಾಟಬೇಕಿತ್ತು. ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈಯಲ್ಲಿ. ಲಾಕ್‌ಡೌನಿನಲ್ಲಿ ನಮ್ಮ ಮನೆಗಳಲ್ಲಿ ದಿನಾ ಇದ್ದ ಚಿಂತೆ ಒಂದೇ, ರಾತ್ರಿ ಯಾರಿಗಾದರೂ ಹೆಚ್ಚುಕಡಿಮೆ ಆದರೆ ಲಾಂಚಿನವರನ್ನು ಯಾರು ಕರೆಯೋದು? ‘108ಕ್ಕೆ ಫೋನ್ ಮಾಡಿ’ ಅಂತ ಇತ್ತು. 108ರ ಗಾಡಿ ಆ ದಡಕ್ಕೆ ಬರುತ್ತೆ. ಈ ದಡದಿಂದ ಆ ದಡಕ್ಕೆ?

ಈಗ ಸೇತುವೆ ಆಯಿತಲ್ಲ ಅನ್ನಬೇಡಿ. ಮಳೆಗಾಲದಲ್ಲಿ ಕಾಲುಸಂಕ ದಾಟಿ ಹೋಗಬೇಕಾದ ಮನೆಗಳು ಹೊಸನಗರದಲ್ಲೂ ತೀರ್ಥಹಳ್ಳಿಯಲ್ಲೂ ಬೇಕಾದಷ್ಟಿವೆ. ಸೂಚನೆಯಲ್ಲಿ ಒಂದೊಂದು ಕೇರಿಗೂ ಬೇರೆ ಬೇರೆ ಬರೆಯಬೇಕು. ಈ ಕೇರಿಗೆ ಗಾಡಿ ಎಲ್ಲಿವರೆಗೆ ಬರುತ್ತೆ, ಅಲ್ಲಿವರೆಗೆ ರೋಗಿಯನ್ನು ಹೊತ್ತು ತರೋಕೆ ಕುರ್ಚಿ, ಕಂಬಳಿ ಯಾರ ಮನೆಯಲ್ಲಿದೆ, ರಾತ್ರಿ ಜೀಪು ಯಾರದ್ದು, ಆ ಡ್ರೈವರ್ ಇಲ್ಲದಿದ್ದರೆ ಇನ್ನೊಬ್ಬ ಯಾರು. ಇಷ್ಟು ಬರೆದರೆ ಸಾಕು. ಉಳಿದಿದ್ದೆಲ್ಲ ನಾವೇ ಮಾಡಿಕೊಳ್ಳುತ್ತೇವೆ.

ಮತ್ತೆ ಕರೆಂಟು. ಕರೆಂಟು ಹೋದರೆ ಟವರ್ ಹೋಗುತ್ತೆ, ಟವರ್ ಹೋದರೆ ಎಲ್ಲ ಸಹಾಯವಾಣಿಯೂ ಹೋದ ಹಾಗೆ. ಇನ್ನೂ ಲ್ಯಾಂಡ್‌ಲೈನ್ ಇಟ್ಟುಕೊಂಡವರ ಮನೆ ಯಾವುದು ಅಂತ ಗುರುತು ಮಾಡಿಡಿ.

ಊರಿಗೆ ಬಂದವಳು

ನಾನು ಬೆಂಗಳೂರಿನಲ್ಲಿ ಕೆಲಸ ಮಾಡೋಳು, ಮನೆ ಕೊಪ್ಪದ ಹತ್ತಿರ. 2021ರ ಏಪ್ರಿಲ್ 27ರ ರಾತ್ರಿಯಿಂದ ಎಲ್ಲ ಬಂದ್ ಅಂತ ಗೊತ್ತಾದಾಗ ಹಿಂದಿನ ದಿನವೇ ಹೊರಟು ಬಂದೆ. ಊರಿನ ತಿರುವಿಗೆ ಬಂದರೆ ರಸ್ತೆಗೆ ಅಡ್ಡ ಒಂದು ಮರ ಕಡಿದು ಹಾಕಿದ್ದಾರೆ, ಮೇಲೆ ಮುಳ್ಳು. ‘ಹೊರಗಿನವರಿಗೆ ಪ್ರವೇಶವಿಲ್ಲ’ ಅಂತ ರಟ್ಟಿನ ಮೇಲೆ ಬರೆದಿದ್ದರು. ನಾನು ಹುಟ್ಟಿದ ಊರು ಅದು. ಬರೆದವರ ಅಕ್ಷರ ಕೂಡ ನನಗೆ ಪರಿಚಯ.

ಅವರ ಮೇಲೆ ನನಗೆ ಕೋಪ ಇಲ್ಲ. ಊರಿನಲ್ಲಿ ವಯಸ್ಸಾದವರೇ ಜಾಸ್ತಿ, ಹೆದರಿಕೆ ಇತ್ತು. ಆದರೆ ಬಂದವರು ಎಲ್ಲಿರಬೇಕು ಅಂತ ಯಾರೂ ಯೋಚನೆ ಮಾಡಿರಲಿಲ್ಲ. ಒಂದು ಗಂಟೆ ಅಲ್ಲೇ ಬ್ಯಾಗಿನ ಮೇಲೆ ಕೂತಿದ್ದೆ. ಕೊನೆಗೆ ಅಪ್ಪ ಬಂದು ಹಿಂದಿನ ದಾರಿಯಲ್ಲಿ ತೋಟದ ಮನೆಗೆ ಕರೆದುಕೊಂಡು ಹೋದರು, ಹತ್ತು ಮಾರು ಮುಂದೆ ನಡೆಯುತ್ತಾ. ಅಡಿಕೆ ಚೀಲ ಇಡೋ ಕೋಣೆ. ಅಲ್ಲಿ 14 ದಿನ ಇದ್ದೆ. ಅಪ್ಪ ದಿನಾ ಬೆಳಿಗ್ಗೆ ದಣಪೆಯ (ಬೇಲಿ ಬಾಗಿಲು) ಮೇಲೆ ಊಟದ ಬುತ್ತಿ ಇಟ್ಟು, ಒಂದು ಸಲ ಕೆಮ್ಮಿ, ಹಿಂದೆ ಸರಿದು ನಿಲ್ಲುತ್ತಿದ್ದರು. ನಾನು ತೆಗೆದುಕೊಂಡು ಹೋದ ಮೇಲೇ ಅವರು ಹೊರಡೋದು. ಬುತ್ತಿಯ ಮೇಲೆ ಬಾಳೆಲೆ ಮುಚ್ಚಿ ಕಲ್ಲು ಇಟ್ಟಿರುತ್ತಿದ್ದರು, ಮಂಗ ಬರುತ್ತೆ ಅಂತ. ನಮ್ಮ ನಡುವೆ ಇಪ್ಪತ್ತು ಅಡಿ. ಅಪ್ಪನ ಮುಖ ಸರಿಯಾಗಿ ಕಾಣಿಸುತ್ತಿರಲಿಲ್ಲ, ಕನ್ನಡಕ ಮಾತ್ರ ಮಿಂಚುತ್ತಿತ್ತು.

ನನಗೆ ತೋಟದ ಮನೆ ಇತ್ತು. ಇಲ್ಲದವರು ಏನು ಮಾಡಬೇಕಿತ್ತು? ಬೇಲಿ ಹಾಕೋದಕ್ಕಿಂತ ಮುಂಚೆ ಹೊರಗಿನಿಂದ ಬಂದವರು ಉಳಿಯೋ ಜಾಗ ಯಾವುದು ಅಂತ ಪಂಚಾಯಿತಿ ಹೇಳಲಿ. ಶಾಲೆಯೋ, ಸಮುದಾಯ ಭವನವೋ, ಕೀಲಿ ಯಾರ ಹತ್ತಿರ ಇದೆ, ನೀರು ಬರುತ್ತಾ, ಹೆಣ್ಣುಮಕ್ಕಳಿಗೆ ಬಾಗಿಲಿಗೆ ಚಿಲಕ ಇದೆಯಾ. ಚಿಲಕದ ವಿಷಯ ಮರೆಯಬೇಡಿ.

ನಿವೃತ್ತ ಗುಮಾಸ್ತ

ರಸ್ತೆಗೆ ಮರ ಕಡಿದು ಹಾಕೋ ಅಧಿಕಾರ ಯಾರಿಗೂ ಇರಲಿಲ್ಲ ಮಾರಾಯ್ರೆ, ಇದನ್ನು ಸ್ಪಷ್ಟವಾಗಿ ಬರೆಯಿರಿ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲೆಯಲ್ಲಿ ಆದೇಶ ಕೊಡೋದು ಜಿಲ್ಲಾ ಪ್ರಾಧಿಕಾರ, ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಊರವರು ಕೂತು ತೀರ್ಮಾನ ಮಾಡಿದರೆ ಅದು ಆದೇಶ ಆಗೋದಿಲ್ಲ. ಆಂಬುಲೆನ್ಸ್, ಹಾಲು, ಗ್ಯಾಸ್, ರೇಷನ್ ಗಾಡಿ ತಡೆಯೋ ಹಾಗೇ ಇಲ್ಲ. ಆದೇಶ ಮೀರಿದವರ ಮೇಲೆ ಆಗ ಐಪಿಸಿ 188 ಹಾಕುತ್ತಿದ್ದರು, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 223 ಆಗಿದೆ. ಬರೆಯುವಾಗ ಹಳೇ ನಂಬರ್ ಹಾಕಬೇಡಿ.

ಮನೆ ಬಾಗಿಲಿಗೆ ಅಂಟಿಸುತ್ತಿದ್ದ ಪೋಸ್ಟರ್ ವಿಷಯವೂ ಹಾಗೇ. ಸಂಬಂಧಪಟ್ಟ ಅಧಿಕಾರಿ ಆ ಕಾಯ್ದೆಯಡಿ ನಿರ್ದೇಶನ ಕೊಡದೆ ಕೋವಿಡ್ ರೋಗಿಗಳ ಮನೆಗೆ ಪೋಸ್ಟರ್ ಅಂಟಿಸೋ ಹಾಗಿಲ್ಲ ಅಂತ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪೋಸ್ಟರ್ ಬಿದ್ದ ಮನೆಯವರಿಗೆ ಬಾವಿ ನೀರು ಸೇದೋಕೆ ಬಿಡದ ಊರು ನಾನು ನೋಡಿದ್ದೇನೆ.

ಇನ್ನೊಂದು ಗೊಂದಲ ನೆನಪಾಯಿತು. 2021ರ ಜೂನ್ 14ಕ್ಕೆ ಲಾಕ್‌ಡೌನ್ ಸಡಿಲ ಅಂತ ಟಿವಿಯಲ್ಲಿ ದೊಡ್ಡದಾಗಿ ಬಂತು. ಸಡಿಲ ಆಗದ 11 ಜಿಲ್ಲೆಗಳಲ್ಲಿ ನಮ್ಮ ಶಿವಮೊಗ್ಗವೂ ಒಂದು, ಪಕ್ಕದ ಚಿಕ್ಕಮಗಳೂರೂ ಒಂದು. ನಮಗೆ 21ರವರೆಗೂ ಇತ್ತು. ಟಿವಿ ನೋಡಿ ಬೈಕ್ ತೆಗೆದುಕೊಂಡು ಬಂದವರೆಲ್ಲ ದಂಡ ಕಟ್ಟಿ ಹೋದರು. ರಾಜ್ಯದ ಸುದ್ದಿ ಬೇರೆ, ಜಿಲ್ಲೆಯ ಆದೇಶ ಬೇರೆ. ತಾರೀಕು ಬದಲಾದ ದಿನವೇ ಪಂಚಾಯಿತಿ ಬೋರ್ಡಿನಲ್ಲಿ, ಡೇರಿಯಲ್ಲಿ, ಸೊಸೈಟಿಯಲ್ಲಿ ಬರೆದು ಹಾಕಬೇಕು. ಯಾವತ್ತು ಬರೆದಿದ್ದು ಅಂತ ಕೆಳಗೆ ದಿನಾಂಕ ಇರಬೇಕು, ಇಲ್ಲದಿದ್ದರೆ ಹೋದ ವಾರದ್ದೋ ಈ ವಾರದ್ದೋ ಗೊತ್ತಾಗೋದಿಲ್ಲ.

ಕೊನೆಗಾರ

ನಾನು ಅಡಿಕೆ ಕೊನೆ ತೆಗೆಯೋನು, ಮಳೆಗಾಲಕ್ಕೆ ಮುಂಚೆ ಔಷಧಿ ಹೊಡೆಯೋನು. ಮೇ ಕೊನೆ, ಜೂನ್ ಶುರು ಅಂದರೆ ನಮಗೆ ಕೈತುಂಬ ಕೆಲಸ. ಮಳೆ ಹಿಡಿಯೋದರೊಳಗೆ ಬೋರ್ಡೋ ದ್ರಾವಣ ಹೊಡೆದು ಮುಗಿಸದಿದ್ದರೆ ಕೊಳೆರೋಗ ಬಂದು ಫಸಲು ಹೋಯಿತು ಅಂತಲೇ. ಕೃಷಿ ಕೆಲಸಕ್ಕೆ ಬಿಡುತ್ತಾರೆ ಅಂತ ಆದೇಶದಲ್ಲಿ ಇತ್ತು, ಸರಿ. ಆದರೆ ಕ್ರಾಸಿನಲ್ಲಿ ನಿಲ್ಲಿಸಿದರೆ ನಾನು ಕೃಷಿ ಕೆಲಸದವನು ಅಂತ ತೋರಿಸೋಕೆ ನನ್ನ ಹತ್ತಿರ ಏನಿದೆ? ಪಹಣಿ ಇರೋದು ತೋಟದವರ ಹೆಸರಿನಲ್ಲಿ. ಎರಡು ಸಲ ವಾಪಸ್ ಕಳಿಸಿದರು. ಮರ ಹತ್ತೋ ತಳೆ, ಹಗ್ಗ ತೋರಿಸಿದೆ, ಕೇಳಲಿಲ್ಲ. ಮೂರನೇ ಸಲ ತೋಟದವರು ಒಂದು ಚೀಟಿ ಬರೆದು ಪಂಚಾಯಿತಿ ಸೀಲ್ ಹಾಕಿಸಿ ಕೊಟ್ಟರು, ಆಮೇಲೆ ತೊಂದರೆ ಆಗಲಿಲ್ಲ. ಆ ಚೀಟಿ ಮೊದಲ ದಿನವೇ ಕೊಡಬಹುದಿತ್ತು ಅಲ್ವಾ? ನಾಲ್ಕು ದಿನದ ಕೂಲಿ ಹೋಯಿತು ನನಗೆ.

ಆಮೇಲೆ ದುಡ್ಡು. 2020ರಲ್ಲಿ ಜನಧನ್ ಖಾತೆ ಇದ್ದ ಹೆಂಗಸರಿಗೆ ತಿಂಗಳಿಗೆ 500ರಂತೆ ಮೂರು ತಿಂಗಳು ಬಂತು. ಖಾತೆಯ ಕೊನೆ ಅಂಕಿ ನೋಡಿ ದಿನ ಹಂಚಿದ್ದರಂತೆ. ನಮ್ಮ ಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಹೆಂಡತಿ, ಅತ್ತಿಗೆ, ಇನ್ನೂ ನಾಲ್ಕು ಜನ ಬಿಸಿಲಲ್ಲಿ ಏಳು ಕಿಲೋಮೀಟರ್ ನಡೆದು ಹೋದರು, ಇವತ್ತು ನಿಮ್ಮದಲ್ಲ ಅಂದರು. ಹಾಗೇ ನಡೆದು ವಾಪಸ್.

ಗಂಗಾವತಿ, ಹಾವೇರಿ ಕಡೆಯಿಂದ ಬಂದು ತೋಟಗಳಲ್ಲಿ ಶೆಡ್ ಹಾಕಿಕೊಂಡು ಇದ್ದವರ ಬಗ್ಗೆಯೂ ಬರೆಯಿರಿ. ಅವರ ಕಾರ್ಡು ಅವರ ಊರಿನಲ್ಲಿ. ತಲೆಗೆ 5 ಕಿಲೋ ಅಕ್ಕಿ ಅಂದರು, ಇಲ್ಲಿ ಕೇಳೋಕೆ ಅವರಿಗೆ ನಾಚಿಕೆ, ಭಾಷೆ ಬೇರೆ ಥರ. ನಾವೇ ಎರಡು ಸೇರು ಕೊಟ್ಟೆವು. ನಮ್ಮ ಹತ್ತಿರ ಎಷ್ಟಿತ್ತು?

ತೋಟದ ದಾರಿ

ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕಾಗಲಿಲ್ಲ. ನಮ್ಮ ತೋಟಕ್ಕೂ ನಿಮ್ಮಂಥವರೇ ಬರೋದು. ಆ ವರ್ಷ ‘ಕೆಲಸದವರು ಬರಲಿಲ್ಲ’ ಅಂತ ನಾನು ಹೇಳಿಕೊಂಡು ತಿರುಗಿದೆ, ಚೀಟಿ ಮಾಡಿಸಿಕೊಡಬೇಕು ಅಂತ ಹೊಳೆಯಲಿಲ್ಲ. ಸಮಿತಿಯಲ್ಲಿ ಇದ್ದವನೇ ನಾನು. ಚೀಟಿ ಮತ್ತು ಶೆಡ್ಡಿನವರ ಲೆಕ್ಕ, ಎರಡೂ ಮೊದಲ ಪುಟದಲ್ಲಿ ಬರುತ್ತೆ.

ಶಿವಮೊಗ್ಗ ಪೇಟೆ

ನಾನು ಮೇಲೆ ಬರೆದಿದ್ದನ್ನು ಪೂರ್ತಿ ವಾಪಸ್ ತಗೊಳ್ಳೋದಿಲ್ಲ, ಆದರೆ ಮೆಡಿಕಲ್ ಶಾಪಿನವರು ಹೇಳಿದ್ದು ಸರಿ. ನಮ್ಮ ಬೀದಿಯ ದಿನಸಿ ಅಂಗಡಿಯವರು ಎರಡನೇ ವಾರದಿಂದ ಚೀಟಿ ರಾತ್ರಿಯೇ ಫೋನಿನಲ್ಲಿ ತಗೊಂಡು, ಸಾಮಾನು ಕಟ್ಟಿಟ್ಟು, ಒಂದೊಂದು ಮನೆಯವರಿಗೆ ಇಂತಿಷ್ಟು ಗಂಟೆಗೆ ಬನ್ನಿ ಅಂತ ಹೇಳುತ್ತಿದ್ದರು. ಅಲ್ಲಿ ಒಂದು ದಿನವೂ ಗುಂಪು ಆಗಲಿಲ್ಲ. ಹಾಗಾದರೆ ಅಂಗಡಿಯವರನ್ನು ಮೊದಲೇ ಕರೆದು ಮಾತಾಡಿ.

ಗುಡ್ಡದ ಆಶಾ

ಎಲ್ಲಕ್ಕಿಂತ ದೊಡ್ಡದು ಇನ್ನೂ ಯಾರೂ ಬರೆದಿಲ್ಲ. ನಾನು ಬರೆಯುತ್ತೇನೆ.

2021ರ ಮೇ ತಿಂಗಳಲ್ಲಿ ಹಳ್ಳಿಗಳಲ್ಲಿ ಪಾಸಿಟಿವ್ ಬಂದವರು ಮನೆಯಲ್ಲಿ ಇರೋ ಹಾಗಿಲ್ಲ, ಕೋವಿಡ್ ಕೇರ್ ಸೆಂಟರಿಗೆ ಹೋಗಬೇಕು ಅಂತ ಆಯಿತು. ಒಂದೇ ಮನೆಯಲ್ಲಿ ಎಲ್ಲರಿಗೂ ಹರಡುತ್ತಿತ್ತು, ಹಾಗಾಗಿ ಅದು ಬೇಕಿತ್ತು. ಆದರೆ ಜನ ಹೋಗೋಕೆ ಒಪ್ಪಲಿಲ್ಲ. ಕೆಲವರು ಪರೀಕ್ಷೆಗೇ ಬರಲಿಲ್ಲ. ಪೇಟೆಯವರು, ಹಳ್ಳಿ ಜನಕ್ಕೆ ತಿಳುವಳಿಕೆ ಇಲ್ಲ ಅಂದರು. ಹಾಗಲ್ಲ.

ಒಂದು ಮನೆ ಹೇಳುತ್ತೇನೆ. ಗಂಡ ಹೆಂಡತಿ, ಇಬ್ಬರಿಗೂ ಅರವತ್ತು ದಾಟಿದೆ. ಮಕ್ಕಳು ಹೊರಗಿದ್ದಾರೆ. ಇಬ್ಬರಿಗೂ ಪಾಸಿಟಿವ್. ಗಾಡಿ ಬಂದು ನಿಂತಿದೆ. ಅಜ್ಜಿ ಕೊಟ್ಟಿಗೆಯ ಗೊಂತು ಹಿಡಿದು ನಿಂತವರು ಅಲ್ಲಾಡುತ್ತಿಲ್ಲ. ಎರಡು ಹಸು, ಒಂದು ಗಬ್ಬದ ಎಮ್ಮೆ. “ಇವನ್ನ ಯಾರು ನೋಡ್ತಾರೆ ಹೇಳು, ಈಗಲೇ ಬರ್ತೀನಿ” ಅಂದರು. ಅಷ್ಟೇ ಅವರ ಪ್ರಶ್ನೆ. ಉತ್ತರ ನನ್ನ ಹತ್ತಿರವೂ ಇರಲಿಲ್ಲ, ಗಾಡಿಯವರ ಹತ್ತಿರವೂ ಇರಲಿಲ್ಲ.

ನಾನು ಮೇಲಿನ ಮನೆಗೆ ಓಡಿದೆ. ಆ ಮನೆಯಾಕೆ ಮೊದಲು ಹಿಂದೆಮುಂದೆ ನೋಡಿದಳು. ಕೊಟ್ಟಿಗೆಗೆ ಹಿತ್ತಲಿನಿಂದ ಹೋಗಬಹುದು, ಮನೆಯೊಳಗೆ ಕಾಲಿಡಬೇಕಾಗಿಲ್ಲ, ಮಾಸ್ಕ್ ಹಾಕಿಕೋ, ಪಾತ್ರೆ ನಿನ್ನದೇ ತಗೊಂಡು ಬಾ, ಕರೆದ ಮೇಲೆ ಸೋಪು ಹಾಕಿ ಕೈ ತೊಳಿ ಅಂತ ಹೇಳಿದೆ. ಒಪ್ಪಿದಳು. ಬಂದು ಅಂಗಳದ ಆಚೆ ನಿಂತು, “ಅತ್ತೆ, ನಾನು ಕರೀತೀನಿ, ನೀವು ಹೋಗ್ಬನ್ನಿ” ಅಂತ ಕೂಗಿ ಹೇಳಿದಳು. ಅಜ್ಜಿ ಯಾವ ಹಸು ಒದೆಯುತ್ತೆ, ಯಾವುದಕ್ಕೆ ಮೊದಲು ಹಿಂಡಿ ಇಡಬೇಕು ಅಂತ ಅಲ್ಲಿಂದಲೇ ಹೇಳುತ್ತಾ ಹೇಳುತ್ತಾ ಗಾಡಿ ಹತ್ತಿದರು. ಇಬ್ಬರೂ ಹನ್ನೆರಡನೇ ದಿನ ಮನೆಗೆ ಬಂದರು.

ಆಮೇಲೆ ನಾನು ಪ್ರತಿ ಮನೆಗೆ ಹೋದಾಗಲೂ ಜ್ವರ ಕೇಳೋದಕ್ಕಿಂತ ಮುಂಚೆ, ನಿಮಗೇನಾದರೂ ಆದರೆ ಕೊಟ್ಟಿಗೆ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ ಬರೆದುಕೊಳ್ಳೋಕೆ ಶುರು ಮಾಡಿದೆ. ಜನ ಪರೀಕ್ಷೆಗೂ ಬಂದರು.

ಊರಿಗೆ ಬಂದವಳು

ಅಕ್ಕಾ, ಓದಿ ಕಣ್ಣು ತುಂಬಿ ಬಂತು. ಇದಕ್ಕೇ ಸೇರಿಸಿ. ಸೆಂಟರಿನಲ್ಲಿ ಏನಿದೆ ಅಂತ ಗೊತ್ತಿಲ್ಲದ್ದೂ ಒಂದು ಭಯ. ನಮ್ಮ ಚಿಕ್ಕಪ್ಪ ಹಾಸ್ಟೆಲಿನಲ್ಲಿ ಮಾಡಿದ್ದ ಸೆಂಟರಿನಿಂದ ಒಂದು ವಿಡಿಯೋ ಕಳಿಸಿದ್ದರು. ಮಂಚ, ಬಿಸಿನೀರು, ಊಟದ ತಟ್ಟೆ, ಅಷ್ಟೇ ಇತ್ತು ಅದರಲ್ಲಿ. ಅದು ಊರೆಲ್ಲ ಸುತ್ತಿದ ಮೇಲೆ ಇನ್ನೂ ಆರು ಜನ ತಾವಾಗೇ ಹೊರಟರು. ಹೋಗುವಾಗ ಏನು ತಗೊಂಡು ಹೋಗಬೇಕು ಅಂತಲೂ ಇರಲಿ. ಹೊದಿಕೆ, ಲೋಟ, ದಿನಾ ತಗೊಳ್ಳೋ ಮಾತ್ರೆ, ಚಾರ್ಜರ್, ಆಧಾರ್. ಚಿಕ್ಕಪ್ಪ ಚಾರ್ಜರ್ ಮರೆತು ಎರಡು ದಿನ ಫೋನ್ ಇಲ್ಲದೆ ಚಿಕ್ಕಮ್ಮ ಊಟ ಮಾಡಿರಲಿಲ್ಲ.

ತೋಟದ ದಾರಿ

ಈ ಎರಡು ದಿನ ಕೂತು ಕರಡು ಬರೆದೆ. ದೊಡ್ಡ ಪುಸ್ತಕ ಬೇಡ ಅನಿಸಿತು. ಒಂದು ಹಾಳೆ, ಎರಡು ಮಗ್ಗುಲು. ಮುಂದಿನ ಮಗ್ಗುಲು ಎಲ್ಲರಿಗೂ ಒಂದೇ, ಹಾಲು ಹಾಕಬಹುದು, ತೋಟ ಗದ್ದೆ ಕೆಲಸಕ್ಕೆ ಚೀಟಿ ಇಲ್ಲಿ ಸಿಗುತ್ತೆ, ಔಷಧಿ ಅಂಗಡಿ ದಿನವಿಡೀ ತೆರೆದಿರುತ್ತೆ, ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಹೇಳಿ, ಹೊರಗಿನಿಂದ ಬಂದವರಿಗೆ ಜಾಗ ಇದು. ಹಿಂದಿನ ಮಗ್ಗುಲು ಆಯಾ ಕೇರಿಗೆ ಬೇರೆ, ಕೈಯಲ್ಲೇ ತುಂಬಬೇಕು. ಆಶಾ ಅಕ್ಕನ ಹೆಸರು, ರಾತ್ರಿ ಗಾಡಿ, ಕುರ್ಚಿ ಇರೋ ಮನೆ, ಲ್ಯಾಂಡ್‌ಲೈನ್. ಮತ್ತೆ ಪ್ರತಿ ಮನೆಯ ಎದುರಿಗೆ ಒಂದು ಖಾಲಿ ಗೆರೆ, ಕೊಟ್ಟಿಗೆ ನೋಡಿಕೊಳ್ಳೋರು ಯಾರು. ಸರಿಯಿದೆಯಾ ಹೇಳಿ. ಮುಂದಿನ ಗ್ರಾಮಸಭೆಯಲ್ಲಿ ಓದಬೇಕು.

ನಿವೃತ್ತ ಗುಮಾಸ್ತ

ಸರಿಯಿದೆ. ಅಕ್ಷರ ದೊಡ್ಡದಾಗಿರಲಿ. ‘ಕಟ್ಟುನಿಟ್ಟಿನ ಕ್ರಮ ಜರುಗಿಸಲಾಗುವುದು’ ಅನ್ನೋ ಸಾಲು ಬೇಕಾದರೆ ಕೊನೆಗೆ ಹಾಕಿ, ಮೊದಲಿಗೆ ಬೇಡ. ಮೊದಲ ಸಾಲು ಓದಿ ಹೆದರಿದವರು ಮುಂದೆ ಓದೋದಿಲ್ಲ.

ಕೊನೆಗಾರ

ಓದೋಕೆ ಬಾರದವರಿಗೆ ಯಾರಾದರೂ ಮನೆಗೆ ಬಂದು ಓದಿ ಹೇಳಲಿ. ಆಟೋ ನಮ್ಮ ಕೇರಿವರೆಗೂ ಬರೋದಿಲ್ಲ.

ಗುಡ್ಡದ ಆಶಾ

ಅಣ್ಣಾ, ಕೊಟ್ಟಿಗೆ ಗೆರೆಯ ಕೆಳಗೆ ಇನ್ನೊಂದು ಗೆರೆ ಬಿಡಿ, ನಾಯಿಗೆ ಅನ್ನ ಹಾಕೋರು ಯಾರು ಅಂತ. ಒಂಟಿ ಮನೆಗಳಲ್ಲಿ ಅದನ್ನೂ ಕೇಳುತ್ತಾರೆ. ಮತ್ತೆ ಆ ಹೆಸರು ಮನೆಯವರೇ ಬರೆಯಲಿ, ನಾವು ಕೂತು ತುಂಬೋದು ಬೇಡ. ಒಪ್ಪಿದವರ ಹತ್ತಿರವೂ ಒಂದು ಸಲ ಕೇಳಿಬಿಡಿ, ನಿಮ್ಮ ಹೆಸರು ಹಾಕಿದ್ದಾರೆ, ಆಗುತ್ತಾ ಅಂತ.

ತೋಟದ ದಾರಿ

ಆಗಲಿ ಅಕ್ಕಾ. ನಾಳೆ ನಮ್ಮ ಕೇರಿಯಿಂದಲೇ ಶುರು ಮಾಡುತ್ತೇನೆ. ಮೊದಲ ಮನೆ ನಮ್ಮದೇ. ಹಾಳೆ ಮಾಡುತ್ತಿದ್ದೇನೆ ಅಂತ ಹೇಳಿದ ಕೂಡಲೇ ಅಮ್ಮ ಗೆರೆಗೆ ಪಕ್ಕದ ಮನೆಯವರ ಹೆಸರು ಹೇಳಿಬಿಟ್ಟರು. ಅವರನ್ನು ಕೇಳೋಕೆ ಬೆಳಿಗ್ಗೆ ಹಾಲು ಹಾಕೋಕೆ ಹೋಗುವಾಗ ಹೋಗುತ್ತೇನೆ.